ಜಪಾನಿನ ಬೀದಿ ಫ್ಯಾಷನ್ ಮತ್ತು ಅದರ ಮಾರುಕಟ್ಟೆಗಳು

ಜಪಾನಿನ ಮಹಾನಗರಗಳಲ್ಲಿ ಯುವಜನರು ತಾವೇ ಕಟ್ಟಿ ಬೆಳೆಸಿದ, ದೊಡ್ಡ ಉಡುಪು ಕಂಪನಿಗಳ ರೂಢಿಗೆ ಒಳಪಡದ ಉಡುಗೆ ತೊಡುಗೆಗಳನ್ನು ಒಟ್ಟಾಗಿ ಬೀದಿ ಫ್ಯಾಷನ್ ಎಂದು ಕರೆಯಲಾಗುತ್ತದೆ. ಲೊಲಿಟಾ, ಗ್ಯಾರು, ದೆಕೋರಾ, ವಿಶುವಲ್ ಕೇ, ಫೇರಿ ಕೇ ಮುಂತಾದವು ಇದರ ಹೆಸರಾಂತ ಪ್ರಕಾರಗಳು. ಟೋಕಿಯೊದ ಹರಾಜುಕು, ಶಿಬುಯಾ ಮತ್ತು ಕೋಎಂಜಿ, ಒಸಾಕಾದ ಅಮೆರಿಕಾಮುರಾ, ನಗೊಯಾದ ಒಸು ಈ ಉಡುಪುಗಳ ಮುಖ್ಯ ಮಾರುಕಟ್ಟೆಗಳು. ಪ್ಯಾರಿಸ್, ಮಿಲಾನ್‌ಗಳಲ್ಲಿ ಫ್ಯಾಷನ್ ವಿನ್ಯಾಸಕರ ಪ್ರದರ್ಶನ ವೇದಿಕೆಯಿಂದ ಇಳಿದು ಅಂಗಡಿಗೆ ಬರುತ್ತದೆ. ಇಲ್ಲಿ ಬಹುಪಾಲು ಶೈಲಿಗಳು ಹುಟ್ಟಿದ್ದೇ ಅಂಗಡಿಯ ಸುತ್ತ. ಇಕ್ಕಟ್ಟಾದ ಒಂದು ಬಾಡಿಗೆ ಕೋಣೆ, ತಾನು ಮಾರುವ ಬಟ್ಟೆಯನ್ನೇ ತೊಟ್ಟು ನಿಂತ ಮಾರಾಟಗಾರ್ತಿ, ವಾರಕ್ಕೊಮ್ಮೆ ಅಲಂಕರಿಸಿಕೊಂಡು ಬರುವ ಗಿರಾಕಿ, ಆಕೆಯ ಚಿತ್ರ ತೆಗೆಯುವ ಛಾಯಾಗ್ರಾಹಕ ಇವರೆಲ್ಲ ಸೇರಿ ಒಂದು ಶೈಲಿಗೆ ರೂಪ ಕೊಟ್ಟರು. ಹೀಗಾಗಿ ಈ ಫ್ಯಾಷನ್ನಿನ ಚರಿತ್ರೆಯನ್ನು ಅದರ ಅಂಗಡಿ ಬೀದಿಗಳ ಚರಿತ್ರೆಯಿಂದ ಬಿಡಿಸಿ ಹೇಳಲಾಗದು.

ಇತಿಹಾಸ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಟೋಕಿಯೊದ ಯೊಯೊಗಿಯಲ್ಲಿ ತನ್ನ ಅಧಿಕಾರಿಗಳ ಕುಟುಂಬಗಳಿಗಾಗಿ ವಾಷಿಂಗ್ಟನ್ ಹೈಟ್ಸ್ ಎಂಬ ಬಡಾವಣೆ ಕಟ್ಟಿತು. ಪಕ್ಕದ ಹರಾಜುಕು ಮತ್ತು ಒಮೊತೆಸಂದೊ ರಸ್ತೆಯಲ್ಲಿ ಆ ಕುಟುಂಬಗಳಿಗೆ ಆಟಿಕೆ, ಕುಸುರಿ ವಸ್ತು, ವಿದೇಶಿ ಸಾಮಾನು ಮಾರುವ ಅಂಗಡಿಗಳು ತೆರೆದವು. 1964ರ ಒಲಿಂಪಿಕ್ಸ್ ವೇಳೆಗೆ ಆ ಜಾಗ ಜಪಾನಿಗೆ ಮರಳಿತು. ಮೊದಲು ಕ್ರೀಡಾಗ್ರಾಮವಾಗಿ, ಆಮೇಲೆ ಯೊಯೊಗಿ ಉದ್ಯಾನವಾಗಿ ಬದಲಾಯಿತು. ಬಡಾವಣೆ ಹೋದರೂ ಹರಾಜುಕುವಿಗೆ ಅಂಟಿದ ಪರದೇಶದ ಸೊಗಸು ಹೋಗಲಿಲ್ಲ. ಅಲ್ಲಿನ ಸೆಂಟ್ರಲ್ ಅಪಾರ್ಟ್‌ಮೆಂಟ್ಸ್ ಕಟ್ಟಡದಲ್ಲಿ ಛಾಯಾಗ್ರಾಹಕರು, ಜಾಹೀರಾತು ಬರಹಗಾರರು, ವಿನ್ಯಾಸಕರು ಕಚೇರಿ ಮಾಡಿಕೊಂಡರು.

ಅದೇ 1964ರ ಬೇಸಿಗೆಯಲ್ಲಿ ಗಿಂಝಾ ಪ್ರದೇಶದ ಮಿಯುಕಿ ಬೀದಿಯಲ್ಲಿ ಅಮೆರಿಕದ ಕಾಲೇಜು ಹುಡುಗರ ಧಾಟಿಯ ಉಡುಪು ತೊಟ್ಟ ತರುಣರು ಗುಂಪುಗೂಡತೊಡಗಿದರು. ಕೆನ್‌ಸುಕೆ ಇಶಿಝು ಅವರ ವ್ಯಾನ್ ಜಾಕೆಟ್ ಕಂಪನಿ ಈ ಧಾಟಿಯನ್ನು ಜನಪ್ರಿಯಗೊಳಿಸಿತ್ತು. ಒಲಿಂಪಿಕ್ಸ್‌ಗೆ ಮುನ್ನ ಪೊಲೀಸರು ಈ ‘ಮಿಯುಕಿ ಝೋಕು’ (ಮಿಯುಕಿ ಬಳಗ) ತರುಣರನ್ನು ಹಿಡಿದು ಬೀದಿ ಖಾಲಿ ಮಾಡಿಸಿದರು. ಬರೀ ಉಡುಪು ತೋರಿಸಲು ಬೀದಿಗೆ ಬಂದು ನಿಲ್ಲುವ ಯುವಜನರ ಗುಂಪು ಸುದ್ದಿಯಾದ ಮೊದಲ ಪ್ರಸಂಗಗಳಲ್ಲಿ ಇದೊಂದು.

1970ರಲ್ಲಿ ಹಿತೊಮಿ ಒಕಾವಾ ಹರಾಜುಕುವಿನಲ್ಲಿ ಮಿಲ್ಕ್ ಎಂಬ ಅಂಗಡಿ ತೆರೆದರು. ಹುಡುಗಿಯರ ಲೇಸು, ರಿಬ್ಬನ್ನುಗಳ ಜೊತೆಗೆ ಪಂಕ್ ಸಂಗೀತದ ಒರಟುತನವನ್ನೂ ಬೆರೆಸಿದ ಈ ಅಂಗಡಿ ಮುಂದಿನ ಹಲವು ತಲೆಮಾರಿನ ಬ್ರ್ಯಾಂಡುಗಳಿಗೆ ದಾರಿ ತೋರಿತು. 1977ರಲ್ಲಿ ಭಾನುವಾರಗಳಂದು ಹರಾಜುಕುವಿನ ಮುಖ್ಯ ರಸ್ತೆಗಳಲ್ಲಿ ವಾಹನ ಸಂಚಾರ ನಿಲ್ಲಿಸಿ ಪಾದಚಾರಿಗಳಿಗೆ ಬಿಟ್ಟುಕೊಡುವ ಏರ್ಪಾಡು ಶುರುವಾಯಿತು. ಜನ ಇದನ್ನು ಹೊಕೊತೆನ್ ಎಂದು ಕರೆದರು. ಹೊಳೆಯುವ ಬಣ್ಣಗಳ ಸಡಿಲ ಉಡುಪು ತೊಟ್ಟ ನೂರಾರು ಹುಡುಗ ಹುಡುಗಿಯರು ಕ್ಯಾಸೆಟ್ ಪ್ಲೇಯರುಗಳ ಸುತ್ತ ವೃತ್ತ ಕಟ್ಟಿ ಡಿಸ್ಕೊ ಹಾಡುಗಳಿಗೆ ಕುಣಿದರು. ಅವರು ಬಟ್ಟೆ ಕೊಳ್ಳುತ್ತಿದ್ದ ಅಂಗಡಿಯ ಹೆಸರು ತಕೆನೊಕೊ. ಅದರಿಂದಲೇ ಇಡೀ ಗುಂಪಿಗೆ ‘ತಕೆನೊಕೊ ಝೋಕು’ ಎಂಬ ಹೆಸರು ಬಂತು. 1980ರ ಸುಮಾರಿಗೆ ಈ ಕುಣಿತ ತುತ್ತತುದಿ ಮುಟ್ಟಿತ್ತು.

1978ರಲ್ಲಿ ಲಫೋರೆ ಹರಾಜುಕು ಎಂಬ ಬಹುಮಹಡಿ ಉಡುಪು ಸಂಕೀರ್ಣ ತೆರೆಯಿತು. ಹೆಸರಿಲ್ಲದ ಹೊಸ ಬ್ರ್ಯಾಂಡುಗಳಿಗೂ ಅಲ್ಲಿ ಜಾಗ ಸಿಕ್ಕಿತು. 1980ರ ದಶಕದಲ್ಲಿ ರೇ ಕವಾಕುಬೊ, ಯೋಜಿ ಯಮಮೊತೊ ಮುಂತಾದವರ ಉಡುಪುಗಳು ದೇಶದಲ್ಲೇ ದೊಡ್ಡ ಅಲೆ ಎಬ್ಬಿಸಿದವು. 1993ರಲ್ಲಿ ನಿಗೊ ಮತ್ತು ಜುನ್ ತಕಹಾಶಿ ಹರಾಜುಕುವಿನ ಹಿಂಬೀದಿಯಲ್ಲಿ ನೋವೇರ್ ಎಂಬ ಪುಟ್ಟ ಅಂಗಡಿ ಹಾಕಿದರು. ಬೇಥಿಂಗ್ ಏಪ್ ಮತ್ತು ಅಂಡರ್‌ಕವರ್ ಎಂಬ ಎರಡು ಜಗತ್ಪ್ರಸಿದ್ಧ ಬ್ರ್ಯಾಂಡುಗಳ ಬೆಳವಣಿಗೆ ಅಲ್ಲಿಂದ ಶುರುವಾಯಿತು. ಮುಖ್ಯ ರಸ್ತೆಯಲ್ಲಿ ಬಾಡಿಗೆ ಕಟ್ಟಲಾಗದ ತರುಣರಿಗೆ ಹಿಂಬೀದಿಗಳು ಆಸರೆಯಾದವು. ಈ ಸಂಗತಿ ಮುಂದೆ ಊರೂರಲ್ಲೂ ಮರುಕಳಿಸಿತು.

ಮುಖ್ಯ ಶೈಲಿಗಳು

ಲೊಲಿಟಾ: ಯುರೋಪಿನ ವಿಕ್ಟೋರಿಯನ್ ಮತ್ತು ರೊಕೊಕೊ ಕಾಲದ ಉಡುಪಿನಿಂದ ಸ್ಫೂರ್ತಿ ಪಡೆದ ಶೈಲಿ. ಮೊಣಕಾಲು ಮುಟ್ಟುವ, ಗಂಟೆಯಾಕಾರದಲ್ಲಿ ಅರಳಿ ನಿಲ್ಲುವ ಲಂಗ ಇದರ ಗುರುತು. ಲಂಗದೊಳಗೆ ಪದರಪದರವಾದ ಒಳಲಂಗ, ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ರವಿಕೆ, ತಲೆಗೆ ರಿಬ್ಬನ್ ಇಲ್ಲವೇ ಬಾನೆಟ್, ಕಾಲಿಗೆ ದುಂಡು ಮೂತಿಯ ಷೂ ಇರಬೇಕು. ತಿಳಿಬಣ್ಣದ ‘ಸಿಹಿ’, ಕಪ್ಪಿನ ‘ಗಾಥಿಕ್’, ಕಂದು ಹಸಿರುಗಳ ‘ಕ್ಲಾಸಿಕ್’ ಇದರ ಮೂರು ದೊಡ್ಡ ಕವಲುಗಳು. ಬೇಬಿ ದ ಸ್ಟಾರ್ಸ್ ಶೈನ್ ಬ್ರೈಟ್ (1988), ಆಂಜೆಲಿಕ್ ಪ್ರಿಟಿ, ಒಸಾಕಾದ ಇನ್ನೊಸೆಂಟ್ ವರ್ಲ್ಡ್ ಮತ್ತು ಮೆಟಮಾರ್ಫೋಸ್ ಇದರ ಹೆಸರಾಂತ ಬ್ರ್ಯಾಂಡುಗಳು. ನೊವಾಲಾ ತಕೆಮೊತೊ ಅವರ ‘ಶಿಮೊತ್ಸುಮಾ ಮೊನೊಗತಾರಿ’ ಕಾದಂಬರಿ 2004ರಲ್ಲಿ ಸಿನಿಮಾ ಆಯಿತು. ಹಳ್ಳಿಗಾಡಿನಿಂದ ಟೋಕಿಯೊಗೆ ರೈಲು ಹಿಡಿದು ಬಂದು ಬೇಬಿ ಅಂಗಡಿಯಲ್ಲಿ ಬಟ್ಟೆ ಕೊಳ್ಳುವ ಹುಡುಗಿ ಅದರ ನಾಯಕಿ. ಈ ಶೈಲಿ ಹೊರದೇಶಗಳಿಗೆ ಹರಡುವುದರಲ್ಲಿ ಆ ಸಿನಿಮಾದ ಪಾತ್ರ ದೊಡ್ಡದು.

ಗ್ಯಾರು: ಶಿಬುಯಾದ ಹುಡುಗಿಯರ ಶೈಲಿ. ಬಣ್ಣ ಹಾಕಿದ ಕೂದಲು, ಎತ್ತರದ ಅಟ್ಟೆಯ ಚಪ್ಪಲಿ, ಗಿಡ್ಡ ಲಂಗ, ದಟ್ಟ ಕಣ್ಣಲಂಕಾರ ಇದರ ಲಕ್ಷಣ. ಬಿಳಿ ಮೈಬಣ್ಣವೇ ಚೆಲುವೆಂಬ ನಂಬಿಕೆಗೆ ಎದುರಾಗಿ 1990ರ ದಶಕದ ಕೊನೆಗೆ ಮುಖವನ್ನು ಕಡುಗಂದಾಗಿಸಿಕೊಳ್ಳುವ ಗಂಗುರೊ ಕವಲು ಹುಟ್ಟಿತು. 1995ರಲ್ಲಿ ಆರಂಭವಾದ ‘ಎಗ್’ ಪತ್ರಿಕೆ ಈ ಹುಡುಗಿಯರ ಮುಖವಾಣಿಯಾಗಿತ್ತು.

ದೆಕೋರಾ: ಬಣ್ಣಬಣ್ಣದ ಕ್ಲಿಪ್ಪು, ಪ್ಲಾಸ್ಟಿಕ್ ಮಣಿ, ಆಟಿಕೆ ಬಿಲ್ಲೆಗಳನ್ನು ತಲೆ, ಕೈ, ಕೊರಳ ತುಂಬ ತುಂಬಿಕೊಳ್ಳುವ ಶೈಲಿ. ಸೆಬಾಸ್ಟಿಯನ್ ಮಸುದಾ 1995ರಲ್ಲಿ ಹರಾಜುಕುವಿನಲ್ಲಿ ತೆರೆದ ‘6% ದೊಕಿದೊಕಿ’ ಅಂಗಡಿ ಈ ಬಣ್ಣಗಳ ನೆಲೆಮನೆ. 2011ರಲ್ಲಿ ಗಾಯಕಿ ಕ್ಯಾರಿ ಪಮ್ಯು ಪಮ್ಯು ಅವರ ‘ಪೊನ್ ಪೊನ್ ಪೊನ್’ ವಿಡಿಯೊಗೆ ಮಸುದಾ ಅವರೇ ಕಲಾ ನಿರ್ದೇಶನ ಮಾಡಿದ್ದರಿಂದ ಆ ಅಂಗಡಿಯ ಬಣ್ಣಗಳು ಜಗತ್ತಿಗೆಲ್ಲ ಪರಿಚಯವಾದವು.

ವಿಶುವಲ್ ಕೇ ಮತ್ತು ಗಾಥಿಕ್ ಉಡುಪುಗಳು ರಾಕ್ ಸಂಗೀತದಿಂದ ಬಂದವು. ಮಾಲೀಸ್ ಮಿಝೆರ್ ತಂಡದ ಗಿಟಾರ್ ವಾದಕ ಮಾನಾ 1999ರಲ್ಲಿ ಮುಆ ಮೆಮ್ ಮುಆತಿಯೆ ಎಂಬ ಬ್ರ್ಯಾಂಡನ್ನೇ ಶುರುಮಾಡಿದರು. ಫೇರಿ ಕೇ 1980ರ ದಶಕದ ಆಟಿಕೆ, ತಿಳಿಗುಲಾಬಿ, ತಿಳಿನೇರಳೆಗಳ ನೆನಪಿನಲ್ಲಿ ಅರಳಿದ್ದು. ಸ್ಪ್ಯಾಂಕ್ ಎಂಬ ಹಳೆಯ ಬಟ್ಟೆಯ ಅಂಗಡಿ ಇದರ ತವರು. ಹಳೆಯ ಯುರೋಪಿನ ಜಾನಪದ ಉಡುಪು, ಕಸೂತಿ, ಗೊಂಬೆಗಳ ಲೋಕವನ್ನು ನೆನಪಿಸುವ ಡಾಲಿ ಕೇ ಶೈಲಿ ಶಿಬುಯಾದ ಗ್ರಿಮ್ವಾರ್ ಅಂಗಡಿಯ ಕೊಡುಗೆ. 2020ರ ಸುಮಾರಿಗೆ ಶಿಂಜುಕುವಿನ ಕಬುಕಿಚೊ ಸುತ್ತ ಕಪ್ಪು ಗುಲಾಬಿ ಬಣ್ಣಗಳ ‘ಜಿರಾಯ್ ಕೇ’ ಎದ್ದು ಕಾಣತೊಡಗಿತು.

ಟೋಕಿಯೊ

ಹರಾಜುಕು: ರೈಲು ನಿಲ್ದಾಣದ ಎದುರೇ ಶುರುವಾಗುವ ತಕೆಶಿತಾ ಬೀದಿ ಸುಮಾರು 350 ಮೀಟರ್ ಉದ್ದದ ಇಕ್ಕಟ್ಟಾದ ಓಣಿ. ಕ್ರೇಪ್ ತಿಂಡಿ, ಅಗ್ಗದ ಆಭರಣ, ಕಾಲುಚೀಲ, ಪಂಕ್ ಉಡುಪು ಎಲ್ಲವೂ ಇಲ್ಲಿವೆ. ಶಾಲಾ ಮಕ್ಕಳ ಕೈಗೆಟಕುವ ಬೆಲೆಯೇ ಈ ಓಣಿಯ ಬಲ. ಲಫೋರೆಯ ನೆಲಮಾಳಿಗೆಗಳು ಲೊಲಿಟಾ, ಗಾಥಿಕ್ ಬ್ರ್ಯಾಂಡುಗಳಿಗೆ ಬಹುಕಾಲದಿಂದ ನೆಲೆ. ವರ್ಷಕ್ಕೆ ಎರಡು ಬಾರಿ, ಚಳಿಗಾಲ ಮತ್ತು ಬೇಸಿಗೆಯಲ್ಲಿ, ‘ಗ್ರ್ಯಾಂಡ್ ಬಜಾರ್’ ಎಂಬ ರಿಯಾಯಿತಿ ಮಾರಾಟ ನಡೆಯುತ್ತದೆ. ಮಾರಾಟಗಾರ್ತಿಯರು ಎತ್ತರದಲ್ಲಿ ನಿಂತು ಬೆಲೆ ಕೂಗುತ್ತಾರೆ. ಆ ದಿನಗಳಲ್ಲಿ ಲಫೋರೆ ಸಂತೆಯ ಹಾಗೆ ಗದ್ದಲವಾಗಿರುತ್ತದೆ. ಒಮೊತೆಸಂದೊ ಆಸುಪಾಸಿನಲ್ಲಿ ಹಿಂಬೀದಿಗಳು ಮತ್ತು ಕ್ಯಾಟ್ ಸ್ಟ್ರೀಟ್ ಸಿಗುತ್ತವೆ. ಶಿಬುಯಾ ನದಿಯನ್ನು ಮುಚ್ಚಿ ಮಾಡಿದ ಈ ದಾರಿ ಅಂಕುಡೊಂಕಾಗಿ ಶಿಬುಯಾ ಕಡೆಗೆ ಸಾಗುತ್ತದೆ. ಹರಾಜುಕು ನಿಲ್ದಾಣ ಮತ್ತು ಮೇಜಿ ಮಂದಿರದ ನಡುವಿನ ಜಿಂಗು ಸೇತುವೆ 1990 ಮತ್ತು 2000ರ ದಶಕಗಳಲ್ಲಿ ಲೊಲಿಟಾ, ವಿಶುವಲ್ ಕೇ ಅಭಿಮಾನಿಗಳು ಭಾನುವಾರ ಸೇರುತ್ತಿದ್ದ ತಾಣ.

ಶಿಬುಯಾ: 1979ರಲ್ಲಿ ತೆರೆದ ‘109’ ಗ್ಯಾರು ಶೈಲಿಯ ಕೋಟೆ. ಮಿನೊರು ತಕೆಯಾಮಾ ವಿನ್ಯಾಸ ಮಾಡಿದ, ಉರುಳೆಯಾಕಾರದ ಗೋಪುರವಿರುವ ಈ ಕಟ್ಟಡದಲ್ಲಿ ಚಿಕ್ಕಚಿಕ್ಕ ಮಳಿಗೆಗಳು ಮಹಡಿ ಮಹಡಿ ತುಂಬಿವೆ. 1990ರ ದಶಕದ ಕೊನೆಗೆ ಇಲ್ಲಿನ ಮಾರಾಟಗಾರ್ತಿಯರೇ ತಾರೆಗಳಾದರು. ಅವರು ತೊಟ್ಟ ಅಂಗಿಯನ್ನೇ ಕೊಳ್ಳಲು ದೂರದ ಊರುಗಳಿಂದ ಹುಡುಗಿಯರು ಬರುತ್ತಿದ್ದರು. ಪತ್ರಿಕೆಗಳು ಅವರನ್ನು ‘ಕರಿಸುಮಾ’ ಮಾರಾಟಗಾರ್ತಿಯರೆಂದು ಕರೆದವು.

ಶಿಂಜುಕು ಮತ್ತು ಇಕೆಬುಕುರೊ: ಶಿಂಜುಕುವಿನ ಮರುಯಿ ಅಂಗಡಿಯ ಕಟ್ಟಡಗಳು ಲೊಲಿಟಾ ಬ್ರ್ಯಾಂಡುಗಳನ್ನು ಒಂದೇ ಸೂರಿನಡಿ ಇಟ್ಟಿವೆ. 1923ರಲ್ಲಿ ಸ್ಥಾಪನೆಯಾದ ಬುಂಕಾ ಫ್ಯಾಷನ್ ಕಾಲೇಜು ಇದೇ ಪ್ರದೇಶದಲ್ಲಿದ್ದು, ಅದರ ವಿದ್ಯಾರ್ಥಿಗಳು ತಾವೇ ಹೊಲಿದ ಬಟ್ಟೆಗಳಲ್ಲಿ ಬೀದಿಗೆ ಬರುತ್ತಾರೆ. ಇಕೆಬುಕುರೊದಲ್ಲಿ ಅನಿಮೆ ಪಾತ್ರಗಳ ವೇಷಭೂಷಣ ಮಾರುವ ಅಂಗಡಿಗಳು ಹೆಚ್ಚು.

ಶಿಮೊಕಿತಾಝಾವಾ ಮತ್ತು ಕೋಎಂಜಿ: ಇವೆರಡೂ ಹಳೆಯ ಬಟ್ಟೆಯ ಬಡಾವಣೆಗಳು. ರಂಗಮಂದಿರಗಳು, ಸಂಗೀತದ ಪುಟ್ಟ ಸಭಾಂಗಣಗಳ ನಡುವೆ ಶಿಮೊಕಿತಾಝಾವಾದ ಬಟ್ಟೆ ಅಂಗಡಿಗಳು ಹರಡಿವೆ. ನ್ಯೂಯಾರ್ಕ್ ಜೋ ಎಂಬ ಅಂಗಡಿ ಶುರುವಾದದ್ದು ಹಿಂದೆ ಸಾರ್ವಜನಿಕ ಸ್ನಾನಗೃಹವಾಗಿದ್ದ ಕಟ್ಟಡದಲ್ಲಿ. ಗಿರಾಕಿ ತನ್ನ ಬಟ್ಟೆ ತಂದು ಕೊಟ್ಟು ಹಣವನ್ನಾದರೂ ಪಡೆಯಬಹುದು, ಬೇರೆ ಬಟ್ಟೆಯನ್ನಾದರೂ ಒಯ್ಯಬಹುದು. ಪಂಕ್ ಸಂಗೀತದ ಹಳೆಯ ನೆಲೆಯಾದ ಕೋಎಂಜಿಯಲ್ಲಿ ಪಾಲ್ ಮತ್ತು ಲುಕ್ ಎಂಬ ಅಂಗಡಿ ಸಾಲುಗಳ ಉದ್ದಕ್ಕೂ ಹಳೆಯ ಬಟ್ಟೆ ಸಿಗುತ್ತದೆ. ನಿಲ್ದಾಣದ ಉತ್ತರಕ್ಕಿರುವ ಕಿತಾಕೊರೆ ಕಟ್ಟಡ ತಗಡು, ಹಲಗೆಗಳ ತೇಪೆ ಹಾಕಿದ ಹಳೆಯ ಮನೆಸಾಲು. ಅಲ್ಲಿನ ಕಲಾವಿದರ ಅಂಗಡಿಗಳಲ್ಲಿ ಒಂದೊಂದು ಉಡುಪೂ ಕೈಯಿಂದ ಬಿಚ್ಚಿ ಮರಳಿ ಹೊಲಿದದ್ದು. 1966ರಲ್ಲಿ ಕಟ್ಟಿದ ನಕಾನೊ ಬ್ರಾಡ್‌ವೇ ಹಳೆಯ ಮಾಂಗಾ, ಆಟಿಕೆ, ವೇಷಭೂಷಣ ಹುಡುಕುವವರಿಗೆ ಅಚ್ಚುಮೆಚ್ಚು.

ಒಸಾಕಾ

ಒಸಾಕಾದ ಶಿನ್‌ಸಾಯ್‌ಬಾಶಿಯ ಪಶ್ಚಿಮಕ್ಕೆ ಅಮೆರಿಕಾಮುರಾ ಇದೆ. ಸ್ಥಳೀಯರ ಬಾಯಲ್ಲಿ ಅದು ‘ಅಮೆಮುರಾ’. 1970ರ ಸುಮಾರಿನವರೆಗೆ ಇದು ಗೋದಾಮುಗಳ ಪ್ರದೇಶವಾಗಿತ್ತು. ಒಳಾಂಗಣ ವಿನ್ಯಾಸಕಿ ಮರಿಕೊ ಹಿಗಿರಿ ಇಲ್ಲಿ ತೆರೆದ ಲೂಪ್ ಎಂಬ ಕಾಫಿ ಅಂಗಡಿ ತರುಣರನ್ನು ಸೆಳೆಯಿತು. ಗೋದಾಮುಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ತಂದ ಹಳೆಯ ಜೀನ್ಸ್, ಟೀ ಷರ್ಟ್, ಅಲೆ ಸವಾರಿಯ ಸಾಮಾನುಗಳ ಮಾರಾಟ ಶುರುವಾಯಿತು. ಬಡಾವಣೆಗೆ ಹೆಸರು ಬಂದದ್ದೂ ಇದರಿಂದಲೇ. ಮಧ್ಯದ ತ್ರಿಕೋನ ಉದ್ಯಾನ ತಕೊಯಾಕಿ ಎಂಬ ತಿಂಡಿ ತಿನ್ನುತ್ತ ಒಬ್ಬರನ್ನೊಬ್ಬರು ನೋಡುವ ಕಟ್ಟೆ. ಸುತ್ತಲಿನ ಬೀದಿದೀಪದ ಕಂಬಗಳು ಮನುಷ್ಯಾಕಾರದವು. 1993ರಲ್ಲಿ ತೆರೆದ ಬಿಗ್ ಸ್ಟೆಪ್ ಸಂಕೀರ್ಣ ಇಲ್ಲಿನ ದೊಡ್ಡ ಕಟ್ಟಡ.

ಟೋಕಿಯೊದಲ್ಲಿ ಒಂದು ಶೈಲಿಯನ್ನು ತಲೆಯಿಂದ ಪಾದದವರೆಗೆ ನಿಯಮದಂತೆ ಪಾಲಿಸುವುದು ಹೆಚ್ಚು. ಒಸಾಕಾದಲ್ಲಿ ದಟ್ಟ ಬಣ್ಣ, ದೊಡ್ಡ ಚಿತ್ತಾರ, ಬೇರೆಬೇರೆ ಶೈಲಿಗಳ ಬೆರಕೆಗೆ ಒಲವು ಜಾಸ್ತಿ. ಪಕ್ಕದ ಹೊರಿಯೆ ಪ್ರದೇಶದ ಆರೆಂಜ್ ಸ್ಟ್ರೀಟ್ ಹಿಂದೆ ಪೀಠೋಪಕರಣಗಳ ಬೀದಿಯಾಗಿತ್ತು. ಈಗ ಬಟ್ಟೆಯ ಬೀದಿ. ಹಳೆಯ ಅಮೆರಿಕನ್ ಜೀನ್ಸ್ ಮೇಲಿನ ಪ್ರೀತಿ ಒಸಾಕಾದಲ್ಲಿ ಒಂದು ಕಸುಬನ್ನೇ ಬೆಳೆಸಿತು. ಸ್ಟುಡಿಯೊ ದಾರ್ಟಿಜಾನ್ (1979), ಎವಿಸು (1991), ವೇರ್‌ಹೌಸ್ (1995) ಮುಂತಾದ ಬ್ರ್ಯಾಂಡುಗಳು ಹಳೆಯ ಕಾಲದ ನೇಯ್ಗೆ, ಬಣ್ಣ, ಹೊಲಿಗೆಗಳನ್ನು ಮರಳಿ ತಂದವು. ಓಕಾಯಾಮಾ ಪ್ರಾಂತದ ಕೊಜಿಮಾ ಪಟ್ಟಣ ಜಪಾನಿನ ಡೆನಿಮ್ ತಯಾರಿಕೆಯ ಕೇಂದ್ರ.

ಇತರ ನಗರಗಳು

ನಗೊಯಾದ ಒಸು, ಒಸು ಕನ್ನೊನ್ ದೇವಸ್ಥಾನದ ಸುತ್ತ ಬೆಳೆದ ಸೂರುಳ್ಳ ಅಂಗಡಿ ಬೀದಿಗಳ ಜಾಲ. ಬೌದ್ಧ ಪೂಜಾ ಸಾಮಗ್ರಿಯ ಅಂಗಡಿಯ ಪಕ್ಕದಲ್ಲೇ ಪಂಕ್ ಉಡುಪಿನ ಅಂಗಡಿ ಕಾಣಸಿಗುತ್ತದೆ. ಇಂದು ದೇಶದಾದ್ಯಂತ ಹೆಸರಾದ ಕೊಮೆಹ್ಯೊ ಕಂಪನಿ 1947ರಲ್ಲಿ ಇಲ್ಲೇ ಹಳೆಯ ಬಟ್ಟೆ ಅಂಗಡಿಯಾಗಿ ಆರಂಭವಾಯಿತು. 2003ರಿಂದ ನಗೊಯಾದಲ್ಲಿ ನಡೆಯುವ ವಿಶ್ವ ಕಾಸ್‌ಪ್ಲೇ ಸಮಾವೇಶದ ಮೆರವಣಿಗೆ ಒಸುವಿನ ಬೀದಿಗಳಲ್ಲಿ ಸಾಗುತ್ತದೆ.

ಕ್ಯೋಟೊದಲ್ಲಿ ತೆರಾಮಾಚಿ ಮತ್ತು ಶಿನ್‌ಕ್ಯೊಗೊಕು ಬೀದಿಗಳು ಯುವಜನರ ಉಡುಪಿನ ತಾಣಗಳು. ಪ್ರತಿ ತಿಂಗಳ 21ರಂದು ತೋಜಿ ದೇವಾಲಯದ ಆವರಣದಲ್ಲಿ, 25ರಂದು ಕಿತಾನೊ ತೆನ್‌ಮಾನ್‌ಗು ಮಂದಿರದಲ್ಲಿ ಸಂತೆ ನೆರೆಯುತ್ತದೆ. ಹಳೆಯ ಕಿಮೊನೊ, ಓಬಿ ನಡುಪಟ್ಟಿ, ಹಾವೊರಿ ಮೇಲಂಗಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅವುಗಳನ್ನು ಬೂಟು, ಬಾನೆಟ್, ಲೇಸು ರವಿಕೆಗಳ ಜೊತೆ ಬೆರೆಸಿ ತೊಡುವವರು ಈ ಸಂತೆಗಳ ಕಾಯಂ ಗಿರಾಕಿಗಳು. ಫುಕುಓಕಾದ ದಾಯ್‌ಮ್ಯೊ ಪ್ರದೇಶವೂ ಹಳೆಯ ಬಟ್ಟೆಗೆ ಹೆಸರುವಾಸಿ.

ಅಂಗಡಿಯೊಳಗಿನ ರೀತಿನೀತಿ

ಬಹುಪಾಲು ಅಂಗಡಿಗಳು ಬೆಳಿಗ್ಗೆ 11ರ ಸುಮಾರಿಗೆ ತೆರೆದು ರಾತ್ರಿ 8ರ ಹೊತ್ತಿಗೆ ಮುಚ್ಚುತ್ತವೆ. 2021ರ ಏಪ್ರಿಲ್‌ನಿಂದ ಬೆಲೆಚೀಟಿಯಲ್ಲಿ ತೆರಿಗೆ ಸೇರಿದ ಮೊತ್ತವನ್ನು ಕಾಣಿಸುವುದು ಕಡ್ಡಾಯ. ಉಡುಪಿನ ಮೇಲಿನ ಬಳಕೆ ತೆರಿಗೆ ಶೇ 10. ಚೌಕಾಸಿ ರೂಢಿಯಲ್ಲಿಲ್ಲ. ಬಟ್ಟೆ ತೊಟ್ಟು ನೋಡುವ ಕೋಣೆಗೆ ಷೂ ಬಿಚ್ಚಿಯೇ ಹೋಗಬೇಕು. ಮುಖದ ಬಣ್ಣ ಬಟ್ಟೆಗೆ ಹತ್ತದಿರಲೆಂದು ತಲೆಯ ಮೇಲಿಂದ ಹಾಕಿಕೊಳ್ಳುವ ತೆಳ್ಳನೆಯ ಮುಸುಕನ್ನು ಮಾರಾಟಗಾರ್ತಿ ಕೊಡುತ್ತಾಳೆ. ಲೊಲಿಟಾ ಅಂಗಡಿಯಲ್ಲಿ ಒಳಲಂಗವನ್ನೂ ತಂದುಕೊಡುತ್ತಾಳೆ, ಏಕೆಂದರೆ ಅದಿಲ್ಲದೆ ಲಂಗದ ನಿಜವಾದ ಆಕಾರ ತಿಳಿಯುವುದಿಲ್ಲ. ಅಂಗಡಿಯೊಳಗೆ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಬೇಕು. ಹಲವು ಕಡೆ ಅದಕ್ಕೆ ಅವಕಾಶವಿಲ್ಲ. ಬೀದಿಯಲ್ಲಿ ಅಲಂಕರಿಸಿಕೊಂಡವರ ಚಿತ್ರ ತೆಗೆಯುವಾಗಲೂ ಇದೇ ಮರ್ಯಾದೆ ಸಲ್ಲಬೇಕು.

ಅಳತೆಯ ವಿಷಯ ಹೊರಗಿನವರಿಗೆ ತೊಡಕಾಗುವುದುಂಟು. ಎಷ್ಟೋ ಬ್ರ್ಯಾಂಡುಗಳು ಒಂದೇ ಅಳತೆಯಲ್ಲಿ ಹೊಲಿಸುತ್ತವೆ. ಲೊಲಿಟಾ ಫ್ರಾಕಿನ ಬೆನ್ನು ಭಾಗವನ್ನು ತಿರುಗಿಸಿ ನೋಡಿದರೆ ಇದಕ್ಕೆ ಕಂಡುಕೊಂಡ ಉಪಾಯ ಕಾಣುತ್ತದೆ. ಸಾಲುಸಾಲಾಗಿ ಇಲಾಸ್ಟಿಕ್ ದಾರ ಕೊಟ್ಟು ಬಟ್ಟೆಯನ್ನು ಚಿಕ್ಕ ಚಿಕ್ಕ ನೆರಿಗೆಯಾಗಿ ಹಿಡಿದಿರುತ್ತಾರೆ. ಅದರ ಮೇಲೆ ಕಾಜಾಗಳ ಮೂಲಕ ಅಡ್ಡಡ್ಡ ಹೆಣೆದ ರಿಬ್ಬನ್, ಸೊಂಟದಲ್ಲಿ ಹಿಂದಕ್ಕೆ ಕಟ್ಟುವ ಲಾಡಿ. ಹೀಗೆ ಒಂದೇ ಫ್ರಾಕು ಹಲವು ಮೈಕಟ್ಟಿಗೆ ಒಗ್ಗುತ್ತದೆ. ಲಂಗದ ಅಂಚಿನ ಮೇಲಿನ ಚಿತ್ತಾರವನ್ನು ಬ್ರ್ಯಾಂಡು ತಾನೇ ಬರೆಸಿ, ಸುತ್ತಳತೆಗೆ ಹೊಂದುವಂತೆ ಬಟ್ಟೆಯ ಮೇಲೆ ಅಚ್ಚು ಹಾಕಿಸುತ್ತದೆ. ಪ್ರತಿ ಚಿತ್ತಾರ ಮಾಲಿಕೆಗೂ ಒಂದು ಹೆಸರಿದ್ದು, ಸೀಮಿತ ಸಂಖ್ಯೆಯಲ್ಲಿ ಮಾತ್ರ ಹೊಲಿಸುವುದರಿಂದ ಮುಂಚಿತವಾಗಿ ಕಾಯ್ದಿರಿಸುವ ಪದ್ಧತಿ ಇದೆ. ಪ್ರಮುಖ ಬ್ರ್ಯಾಂಡಿನ ಹೊಸ ಫ್ರಾಕಿಗೆ ಸಾಮಾನ್ಯವಾಗಿ 30,000 ಯೆನ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬೆಲೆಯಿರುತ್ತದೆ. ಹೊಸ ವರ್ಷದ ಮೊದಲ ದಿನಗಳಲ್ಲಿ ಮಾರುವ ‘ಫುಕುಬುಕುರೊ’ ಚೀಲಗಳಲ್ಲಿ ಒಳಗೇನಿದೆ ಎಂದು ಮೊದಲೇ ತಿಳಿಯದು, ಆದರೆ ಕೊಟ್ಟ ಹಣಕ್ಕಿಂತ ಹೆಚ್ಚು ಬೆಲೆಯ ಬಟ್ಟೆ ಇರುತ್ತದೆ. ಅದಕ್ಕಾಗಿ ಅಂಗಡಿ ತೆರೆಯುವ ಮೊದಲೇ ಸರತಿ ಸಾಲು ಬೆಳೆಯುತ್ತದೆ.

ಹಳೆಯ ಬಟ್ಟೆಯ ಮಾರುಕಟ್ಟೆ

ಕಡಿಮೆ ಹಣವುಳ್ಳ ವಿದ್ಯಾರ್ಥಿಗೆ ಈ ದುಬಾರಿ ಉಡುಪಿಗೆ ಕೈಹಾಕಲು ಸಾಧ್ಯವಾಗಿರುವುದು ‘ಫುರುಗಿ’ ಅಂದರೆ ಹಳೆಯ ಬಟ್ಟೆಯ ಮಾರುಕಟ್ಟೆಯಿಂದ. ಇದರಲ್ಲಿ ಎರಡು ಬಗೆ. ಅಮೆರಿಕ, ಯುರೋಪುಗಳಿಂದ ಮೂಟೆಗಟ್ಟಲೆ ತಂದು ಆರಿಸಿ, ತೊಳೆದು ಮಾರುವ ವಿಂಟೇಜ್ ಅಂಗಡಿಗಳು ಒಂದು ಬಗೆ. ಹರಾಜುಕುವಿನ ಚಿಕಾಗೊ ಅಂಗಡಿ ಇದಕ್ಕೆ ಉದಾಹರಣೆ. ಜಪಾನಿನ ಬ್ರ್ಯಾಂಡುಗಳ ಉಡುಪನ್ನೇ ಗಿರಾಕಿಗಳಿಂದ ಕೊಂಡು ಮರುಮಾರಾಟ ಮಾಡುವವು ಇನ್ನೊಂದು ಬಗೆ. ಲೊಲಿಟಾ ಮತ್ತು ವಿಶುವಲ್ ಕೇ ಉಡುಪಿಗೆ ಕ್ಲೋಸೆಟ್ ಚೈಲ್ಡ್ ಈ ಬಗೆಯ ದೊಡ್ಡ ಹೆಸರು. ಅಲ್ಲಿನ ಬೆಲೆಚೀಟಿಯಲ್ಲಿ ಉಡುಪಿನ ಸ್ಥಿತಿಯನ್ನು ಬಚ್ಚಿಡದೆ ಬರೆದಿರುತ್ತಾರೆ: ತೋಳಿನ ಬಳಿ ಸಣ್ಣ ಕಲೆ, ಸೊಂಟದ ರಿಬ್ಬನ್ ಇಲ್ಲ, ಲೇಸು ತುಸು ಹಳದಿಯಾಗಿದೆ ಎಂಬಂತೆ. ತಾನು ಬೆಳೆದು ಶೈಲಿ ಬಿಟ್ಟವಳ ಫ್ರಾಕು ಈಗಷ್ಟೇ ಶೈಲಿಗೆ ಕಾಲಿಟ್ಟವಳ ಮೈಗೆ ಬರುವುದು ಇಲ್ಲಿಂದ. ಒಂದು ಉಡುಪು ಹಲವು ಕೈ ದಾಟಿಯೂ ತೊಡಲು ಯೋಗ್ಯವಾಗಿ ಉಳಿಯುವುದಕ್ಕೆ ಅದನ್ನು ಜೋಪಾನ ಮಾಡಿದ ಹುಡುಗಿಯರಿಗೂ, ಗಟ್ಟಿಯಾಗಿ ಹೊಲಿದ ದರ್ಜಿಗಳಿಗೂ ಗೌರವ ಸಲ್ಲಬೇಕು. 2013ರಲ್ಲಿ ಶುರುವಾದ ಮೆರ್ಕಾರಿ ಆ್ಯಪ್ ಈ ಕೊಡುಕೊಳ್ಳುವಿಕೆಯನ್ನು ಮನೆಮನೆಗೂ ಒಯ್ದಿತು.

ಪತ್ರಿಕೆಗಳು

ಶೋಯಿಚಿ ಅವೊಕಿ 1997ರಲ್ಲಿ ಆರಂಭಿಸಿದ ‘ಫ್ರೂಟ್ಸ್’ ಮಾಸಪತ್ರಿಕೆ ಹರಾಜುಕುವಿನ ಬೀದಿಯಲ್ಲಿ ನಿಂತವರ ಪೂರ್ಣದೇಹದ ಚಿತ್ರಗಳನ್ನು ಪ್ರಕಟಿಸಿತು. ಯಾವ ಬಟ್ಟೆ ಯಾವ ಅಂಗಡಿಯದು, ಯಾವುದು ಕೈಯಾರೆ ಹೊಲಿದದ್ದು ಎಂಬ ವಿವರ ಪ್ರತಿ ಚಿತ್ರದ ಜೊತೆಗಿರುತ್ತಿತ್ತು. ಓದುಗರಿಗೆ ಅದು ಅಂಗಡಿಗಳ ಕೈಪಿಡಿಯೂ ಆಗಿತ್ತು. 1998ರ ‘ಕೆರಾ’ ಮತ್ತು 2001ರ ‘ಗಾಥಿಕ್ ಅಂಡ್ ಲೊಲಿಟಾ ಬೈಬಲ್’ ಉಡುಪಿನ ನಕ್ಷೆಗಳನ್ನೂ ಕೊಟ್ಟು ಹೊಲಿಗೆ ಕಲಿಸಿದವು. ಊರಲ್ಲಿ ಇಂಥ ಅಂಗಡಿಯೇ ಇಲ್ಲದ ಹುಡುಗಿಯರಿಗೆ ಆ ನಕ್ಷೆಗಳೇ ದಾರಿಯಾದವು.

ಬದಲಾವಣೆ ಮತ್ತು ಇಂದಿನ ಸ್ಥಿತಿ

1998ರಲ್ಲಿ ಹೊಕೊತೆನ್ ರದ್ದಾಯಿತು. ಭಾನುವಾರದ ಬಯಲು ಹೋದದ್ದು ಹರಾಜುಕುವಿಗೆ ಬಿದ್ದ ಮೊದಲ ಪೆಟ್ಟು. 2008 ಮತ್ತು 2009ರಲ್ಲಿ ಎಚ್ ಅಂಡ್ ಎಂ, ಫಾರೆವರ್ 21ರಂಥ ವಿದೇಶಿ ಸರಣಿ ಅಂಗಡಿಗಳು ಅಲ್ಲಿಗೆ ಬಂದವು. ಬಾಡಿಗೆ ಏರಿತು, ಅಗ್ಗದ ಬಟ್ಟೆ ಎಲ್ಲೆಡೆ ಒಂದೇ ಬಗೆಯಾಯಿತು. ‘ಫ್ರೂಟ್ಸ್’, ‘ಕೆರಾ’, ‘ಗಾಥಿಕ್ ಅಂಡ್ ಲೊಲಿಟಾ ಬೈಬಲ್’ ಮೂರರ ಮುದ್ರಣವೂ 2017ರ ಹೊತ್ತಿಗೆ ನಿಂತುಹೋಯಿತು. ಚಿತ್ರ ತೆಗೆಯಲು ತಕ್ಕ ಉಡುಪಿನವರು ಬೀದಿಯಲ್ಲಿ ಕಾಣುತ್ತಿಲ್ಲ ಎಂಬುದು ‘ಫ್ರೂಟ್ಸ್’ ನಿಲ್ಲಿಸಿದ್ದಕ್ಕೆ ಶೋಯಿಚಿ ಅವೊಕಿ ಅವರು ಕೊಟ್ಟ ಕಾರಣ. 2020ರಲ್ಲಿ ಹರಾಜುಕುವಿನ 1924ರ ಮರದ ನಿಲ್ದಾಣವನ್ನು ಕೆಡವಿದರು. ಅದೇ ವರ್ಷ ಫುಕುಓಕಾದಲ್ಲಿ ಗ್ಯಾರು ಮತ್ತು ಲೊಲಿಟಾ ಅಂಗಡಿಗಳಿದ್ದ ತೆನ್‌ಜಿನ್ ಕೋರ್ ಕಟ್ಟಡ ಮುಚ್ಚಿತು.

ಇಷ್ಟಾದರೂ ಶೈಲಿಗಳು ಅಳಿಯಲಿಲ್ಲ. 2009ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯವೇ ಲೊಲಿಟಾ ಉಡುಪಿನ ರೂಪದರ್ಶಿ ಮಿಸಾಕೊ ಅವೊಕಿ ಸೇರಿದಂತೆ ಮೂವರನ್ನು ‘ಕವಾಯಿ’ (ಮುದ್ದುತನದ) ರಾಯಭಾರಿಗಳೆಂದು ನೇಮಿಸಿತ್ತು. ಬೇಬಿ ಬ್ರ್ಯಾಂಡು 2006ರಲ್ಲಿ ಪ್ಯಾರಿಸ್‌ನಲ್ಲೂ 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಮಳಿಗೆ ತೆರೆಯಿತು. 2014ರಲ್ಲಿ ನಿಂತಿದ್ದ ‘ಎಗ್’ 2018ರಲ್ಲಿ ಅಂತರ್ಜಾಲದಲ್ಲಿ ಮರುಹುಟ್ಟು ಪಡೆದು ಗ್ಯಾರು ಶೈಲಿಗೆ ಹೊಸ ತಲೆಮಾರನ್ನು ತಂದಿತು.

ಈ ಏಳುಬೀಳುಗಳಲ್ಲಿ ಒಂದು ಸಂಗತಿ ಸ್ಪಷ್ಟವಾಗಿದೆ. ಬಾಡಿಗೆ ಏರಿ ಚಿಕ್ಕ ಅಂಗಡಿಗಳು ತೆರವಾದ ಕಡೆ ಹೊಸ ಶೈಲಿ ಹುಟ್ಟುವುದು ಕಡಿಮೆಯಾಗಿದೆ. ಕೋಎಂಜಿಯ ತೇಪೆ ಕಟ್ಟಡ, ಒಸುವಿನ ದೇವಸ್ಥಾನದ ಬೀದಿ, ಅಮೆಮುರಾದ ಹಳೆಯ ಗೋದಾಮುಗಳಂಥ ಕಡೆ, ತನ್ನ ಅಭಿರುಚಿಯನ್ನೇ ನಂಬಿದ ಒಬ್ಬರು ಅಲ್ಪ ಬಂಡವಾಳದಲ್ಲಿ ಅಂಗಡಿ ಹೂಡಬಹುದಾದ ಕಡೆ, ಅದು ಇನ್ನೂ ನಡೆದಿದೆ. ಜಪಾನಿನ ಬೀದಿ ಫ್ಯಾಷನ್ ಉಳಿಯಬೇಕೆಂದು ಬಯಸುವ ನಗರಗಳು ಮೊದಲು ಉಳಿಸಿಕೊಳ್ಳಬೇಕಾದದ್ದು ಇಂಥ ಅಗ್ಗದ ಬಾಡಿಗೆಯ ಕೋಣೆಗಳನ್ನು.